ಕಸೂತಿ ಕತ್ರೀನಾ ಮತ್ತು ನನ್ನ ಹೊಲಿಗೆಯ ತಾಸು

ಟ್ರೇನಿಂಗ್ ಮುಗಿಸಿ ಹೊಸದಾಗಿ ಶಿಕ್ಷಕಿಯರ ನೌಕರಿಗೆ ಸೇರುವ ಇಬ್ಬರು ಹುಡುಗಿಯರು ಮೊನ್ನೆ ನನ್ನ ಮನೆಗೆ ಬಂದಿದ್ದರು. ಚಹಾ ಕುಡಿದರು, ಚೂಡಾ ತಿಂದರು, ಹೊರಡುವಾಗ "ನಿಮ್ಮ ಸೇವೆಯ ಅನುಭವ ಬರದಕೊಡ್ರಿ ಅಕ್ಕೋರ, ನಮಗ ದಾರಿದೀಪ ಆಗತೈತಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಾನು ದಾರಿದೀಪವಾದರೆ ಆ ದಾರಿಯಲ್ಲಿ ಹೋದವರು ಸೀದಾ ಹೊಂಡಕ್ಕೆ ಬೀಳುತ್ತಾರೆ. ಆದರೂ ಕೇಳಿದ್ದಾರಲ್ಲ ಎಂದು ಬರೆಯಲು ಕುಳಿತಿದ್ದೇನೆ.

ಬಡ್ತಿಯ ಸಂಗತಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅಸಿಸ್ಟಂಟ್ ಅಕ್ಕೋರಾಗಿ ಸೇರಿದೆ, ಹೆಡ್ ಅಕ್ಕೋರಾಗಿ ಮನೆಗೆ ಬಂದೆ. ನಿಮಗೆ ಉಪಯೋಗ ಆಗುವಂಥದ್ದು ನಾನು ಮಾಡಿದ ತಪ್ಪುಗಳು. ಅವು ಸಾಕಷ್ಟಿವೆ. ಅವುಗಳಲ್ಲಿ ಒಂದು ಸುಳ್ಳು, ಅದನ್ನು ಹೇಳಿದ್ದಕ್ಕೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ನಾನು ನೌಕರಿಗೆ ಸೇರಿದಾಗ ಹೆಣ್ಣುಮಕ್ಕಳ ಕನ್ನಡ ಶಾಲೆಗಳಲ್ಲಿ ಮಧ್ಯಾಹ್ನ ಪೂರ್ತಿ ಹೊಲಿಗೆ. ಲೆಕ್ಕಕ್ಕೆ ಬೆಳಿಗ್ಗೆ ಅರ್ಧ ತಾಸು, ಅದರಲ್ಲೂ ಕಾಲು ತಾಸು ಹಾಜರಿಗೆ ಹೋಗುತ್ತಿತ್ತು. ಹೆಣ್ಣುಮಕ್ಕಳಿಗೆ ಸಂತೆಯ ಲೆಕ್ಕ ಬಂದರೆ ಸಾಕು ಎಂಬುದು ಮೇಲಿನವರ ಅಭಿಪ್ರಾಯ. ನನಗೋ ಲೆಕ್ಕವೆಂದರೆ ಪ್ರಾಣ. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ ನನ್ನ ಅಣ್ಣ ಹಳೆಯ ಪುಸ್ತಕದ ಅಂಗಡಿಯಿಂದ ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟಿದ್ದ. ಮುನ್ನೂರು ನಾನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಬಾಳಿದ ಗಣಿತದವರ ಜೀವನಚರಿತ್ರೆಗಳು ಅದರಲ್ಲಿದ್ದವು. ನಿಘಂಟು ಮಗ್ಗುಲಿಗಿಟ್ಟುಕೊಂಡು ದಿನಕ್ಕೆ ಒಂದು ಪುಟದಂತೆ ಓದಿದೆ. ಓದಿದ್ದನ್ನು ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆಮೇಲೆ ಒಂದು ಉಪಾಯ ಮಾಡಿದೆ. ಹೊಲಿಗೆಯ ತಾಸಿನಲ್ಲಿ ಹುಡುಗಿಯರ ಕೈ ಮಾತ್ರ ಕೆಲಸ ಮಾಡುತ್ತಿರುತ್ತದೆ, ಕಿವಿ ಖಾಲಿ ಇರುತ್ತದೆ. ಆ ಖಾಲಿ ಕಿವಿಗೆ ನಾನು ಈ ಗಣಿತದವರನ್ನು ತುಂಬತೊಡಗಿದೆ. ಯಾರಾದರೂ ಬಾಗಿಲಲ್ಲಿ ಇಣುಕಿದರೆ ಸೂಜಿಗಳು ಓಡುತ್ತಿರುವುದು ಕಾಣುತ್ತಿತ್ತು, ಅಷ್ಟಕ್ಕೇ ಅವರಿಗೆ ಸಮಾಧಾನ.

ಅವರ ನಿಜ ಹೆಸರುಗಳನ್ನು ಹೇಳಹೋದರೆ ನನ್ನ ನಾಲಿಗೆಯೇ ಗಂಟು ಬೀಳುತ್ತಿತ್ತು, ಇನ್ನು ಹುಡುಗಿಯರ ಗತಿಯೇನು! ಅದಕ್ಕೇ ಎಲ್ಲರಿಗೂ ನಮ್ಮ ಕಡೆಯ ಹೆಸರಿಟ್ಟೆ. ಚಿಕ್ಕಂದಿನಲ್ಲಿ ಸಿಪಾಯಿಯ ಕತ್ತಿಯೇಟು ಮುಖಕ್ಕೆ ಬಿದ್ದು ಮಾತು ತೊದಲುತ್ತಿದ್ದ ಇಟಲಿಯವನು ತೊದಲಣ್ಣ. ಅವನ ಹತ್ತಿರ ಒಂದು ಕಠಿಣ ಲೆಕ್ಕದ ಗುಟ್ಟನ್ನು 'ಯಾರಿಗೂ ಹೇಳೂದಿಲ್ಲ' ಎಂದು ಆಣೆ ಮಾಡಿ ಕಲಿತು, ಆಮೇಲೆ ಪುಸ್ತಕದಲ್ಲಿ ಅಚ್ಚು ಹಾಕಿಸಿದವನು ಜೂಜಿನ ಡಾಕ್ಟರ. ಪುಸ್ತಕದ ಅಂಚಿನಲ್ಲಿ 'ಇದಕ್ಕೆ ಸೊಗಸಾದ ಕಾರಣ ಗೊತ್ತಿದೆ, ಆದರೆ ಬರೆಯಲು ಜಾಗ ಸಾಲದು' ಎಂದು ಗೀಚಿ ಜಗತ್ತನ್ನೇ ಗೋಳು ಹೊಯ್ದುಕೊಂಡವನು ಅಂಚಿನ ವಕೀಲ. ಹುಡುಗಿಯರು ಅವರನ್ನು ಓಣಿಯ ಮಂದಿಯಂತೆ ಹಚ್ಚಿಕೊಂಡರು. 'ಜೂಜಿನ ಡಾಕ್ಟರ' ಎಂಬುದು ನಮ್ಮ ಶಾಲೆಯಲ್ಲಿ ಬೈಗಳಾಗಿಯೂ ಬಳಕೆಗೆ ಬಂತು.

ಮೊದಲ ಎಡವಟ್ಟು ಹಾನಗಲ್ಲಿನಲ್ಲಿ ಆಯಿತು. ಫ್ರಾನ್ಸಿನ ಒಬ್ಬ ಗಣಿತದವನಿಗೆ ನಾನು ಹಾಸಿಗೆ ಸಾಹೇಬ ಎಂದು ಹೆಸರಿಟ್ಟಿದ್ದೆ. ಹುಡುಗನಾಗಿದ್ದಾಗ ಅವನ ಪ್ರಕೃತಿ ಸೂಕ್ಷ್ಮ ಎಂದು ಶಾಲೆಯಲ್ಲಿ ಅವನನ್ನು ಬೆಳಿಗ್ಗೆ ಎಬ್ಬಿಸುತ್ತಿರಲಿಲ್ಲ. ದೊಡ್ಡವನಾದ ಮೇಲೂ ಹೊತ್ತೇರುವ ತನಕ ಹಾಸಿಗೆಯಲ್ಲೇ ಬಿದ್ದುಕೊಂಡು ಯೋಚಿಸುತ್ತಿದ್ದ. ಈ ಕಥೆ ಹೇಳಿದ ಮೂರನೆಯ ದಿನ ಒಬ್ಬಳ ತಾಯಿ ಸೆರಗು ಬಿಗಿದುಕೊಂಡು ಶಾಲೆಗೆ ಬಂದಳು.

"ಏನ್ರಿ ಅಕ್ಕೋರ, ನಮ್ಮಾಕಿಗೆ ಏನ್ ಕಲಿಸಾಕತ್ತೀರಿ? ಹೊತ್ತ ಮ್ಯಾಲ ಬಂದ್ರೂ ಏಳವಲ್ಲಳು. ಏಳ ಅಂದ್ರ 'ಸುಮ್ಕಿರವ್ವಾ, ಲೆಕ್ಕಾ ಮಾಡಾಕತ್ತೇನಿ' ಅಂತಾಳ. ಕಸ ಯಾರ ಹೊಡೀಬೇಕ್ರಿ?"

ನಾನು ಆಕೆಗೆ ಸಮಾಧಾನ ಹೇಳಿ ಕಳಿಸಿ, ಮಧ್ಯಾಹ್ನ ಹುಡುಗಿಯರಿಗೆ ಕಥೆಯ ಉಳಿದರ್ಧ ಹೇಳಿದೆ. ಚಳಿಯ ದೇಶದ ರಾಣಿಯೊಬ್ಬಳು ಪಾಠ ಹೇಳಲೆಂದು ಹಾಸಿಗೆ ಸಾಹೇಬನನ್ನು ಕರೆಸಿಕೊಂಡಳು. ಬೆಳಿಗ್ಗೆ ಐದು ಗಂಟೆಗೇ ಪಾಠ ಆಗಬೇಕೆಂದಳು. ರಾಣಿಯ ಮಾತು ಮೀರುವ ಹಾಗಿಲ್ಲ, ನಮ್ಮ ಸಾಹೇಬ ಎದ್ದ. ಇದನ್ನು ಕೇಳಿ ಹುಡುಗಿಯರು ನಾಳೆಯಿಂದ ಬೇಗ ಏಳುತ್ತಾರೆಂದು ನಾನು ಎಣಿಸಿದ್ದೆ. ಕಥೆ ಎಲ್ಲಿ ಮುಗಿಯುತ್ತದೆಂಬುದು ಹೇಳುವ ಭರದಲ್ಲಿ ಮರೆತೇಹೋಗಿತ್ತು.

"ಎದ್ದ ಮ್ಯಾಲ ಏನಾತ್ರಿ?" ಎಂದು ಆ ತಾಯಿಯ ಮಗಳೇ ಕೇಳಿದಳು.

ಸುಳ್ಳು ಹೇಳಲು ಆಗ ನನಗಿನ್ನೂ ಬರುತ್ತಿರಲಿಲ್ಲ. "ನೆಗಡಿ ಆಗಿ, ಎದಿ ಹಿಡದು, ಸತ್ತ" ಎಂದೆ.

ಮರುದಿನ ಆ ತಾಯಿ ಮತ್ತೆ ಬಂದಳು. ಮಗಳು ಈಗ, "ನಸುಕಿನ್ಯಾಗ ಎಬ್ಬಿಸಿ ನನ್ನ ಕೊಲ್ಲಬೇಕಂತೀಯೇನವ್ವಾ?" ಎನ್ನುತ್ತಿದ್ದಳಂತೆ. ಹುಡುಗಿಯರೇ, ಕಥೆ ಹೇಳುವ ಮುಂಚೆ ಅದರ ಕೊನೆಯನ್ನು ಒಮ್ಮೆ ನೋಡಿಕೊಳ್ಳಿ. ನಾನು ಕಲಿತ ಮೊದಲ ಪಾಠ ಇದು.

ಎರಡನೆಯದನ್ನು ಶಿಗ್ಗಾಂವಿಯಲ್ಲಿ ಕಲಿತೆ. ಅಲ್ಲಿಯ ಹೆಡ್ ಅಕ್ಕೋರಿಗೆ ಎಲ್ಲರೂ ದೊಡ್ಡಕ್ಕೋರು ಎನ್ನುತ್ತಿದ್ದರು. ಶಿಸ್ತಿನ ಹೆಂಗಸು, ಸೂಜಿಗಳನ್ನೂ ಎಣಿಸಿ ಕೊಡುವರು. ಒಂದು ದಿನ ಹೊಲಿಗೆಯ ದೊಡ್ಡ ಕತ್ತರಿ ಕಾಣೆಯಾಯಿತು. ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ನನಗೆ ಸ್ಕಾಟ್‌ಲೆಂಡಿನ ಹುಂಜದ ದೊರೆಯ ನೆನಪಾಯಿತು. ದೊಡ್ಡ ದೊಡ್ಡ ಗುಣಾಕಾರಗಳನ್ನು ಕೂಡಿಸುವಷ್ಟು ಸುಲಭ ಮಾಡುವ ಕೋಷ್ಟಕ ಕಟ್ಟಿದ ಜಾಣ ಅವನು. ಅವನ ಮನೆಯಲ್ಲಿ ಕಳವಾದಾಗ ಒಂದು ಕರೀ ಹುಂಜಕ್ಕೆ ಮಸಿ ಬಳಿದು ಕತ್ತಲೆಯ ಕೋಣೆಯಲ್ಲಿಟ್ಟನಂತೆ. ಆಳುಗಳೆಲ್ಲ ಒಬ್ಬೊಬ್ಬರೇ ಹೋಗಿ ಅದನ್ನು ನೇವರಿಸಿ ಬರಬೇಕು, ಕಳ್ಳ ಮುಟ್ಟಿದರೆ ಹುಂಜ ಕೂಗುತ್ತದೆ ಎಂದನಂತೆ. ತಪ್ಪಿಲ್ಲದವರು ಮುಟ್ಟಿ ಕೈ ಮಸಿ ಮಾಡಿಕೊಂಡು ಬಂದರು. ಕಳ್ಳ ಹೆದರಿ ಮುಟ್ಟಲಿಲ್ಲ, ಅವನ ಕೈ ಸ್ವಚ್ಛ ಇತ್ತು.

ನಮ್ಮ ಶಾಲೆಯ ಹಿಂದಿನ ಮನೆಯಲ್ಲಿ ಜುಬೇದಾ ಎಂಬ ಹುಡುಗಿ ಇದ್ದಳು. ಆರನೆಯ ಇಯತ್ತೆಯವಳು. ಅವಳ ತಂದೆ ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರಿ, ಓದಲೆಂದು ಮಗಳನ್ನು ಶಿಗ್ಗಾಂವಿಯಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದ. ಅವಳ ಮಾಮಿಯನ್ನು ಕೇಳಿ ಒಂದು ಕರೀ ಕೋಳಿ ತಂದೆ. ದೀಪದ ಮಸಿ ಬಳಿಸಿ ಸಾಮಾನಿನ ಕೋಣೆಯಲ್ಲಿ ಕೂಡಿ ಹಾಕಿದೆ. ಮೂವತ್ತೆರಡು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಒಳಗೆ ಕಳಿಸಿದೆ.

ಹೊರಗೆ ಬಂದವರ ಕೈ ನೋಡುತ್ತ ಹೋದೆ. ಇಪ್ಪತ್ತೇಳು ಜನರ ಕೈ ಸ್ವಚ್ಛ! ಐವರ ಕೈ ಮಾತ್ರ ಮಸಿ. ಇಪ್ಪತ್ತೇಳು ಜನ ಸೇರಿ ಒಂದು ಕತ್ತರಿ ಕದಿಯಲು ಸಾಧ್ಯವೇ ಎಂದು ನಾನು ಬಾಯಿಬಿಟ್ಟು ನಿಂತಿದ್ದಾಗ ಒಬ್ಬಳು ಅಳುತ್ತ ಹೇಳಿದಳು: "ಅಕ್ಕೋರ, ಕೋಳಿ ಮುಟ್ಟಿದೆ ಅಂದ್ರ ನಮ್ಮವ್ವ ನನ್ನ ಒಳಗ ಕರಕೊಳ್ಳೂದಿಲ್ರಿ. ಜಳಕಾ ಮಾಡ್ಸಿ, ಲಿಂಗಪೂಜಿ ಮಾಡ್ಸಿ, ಆಮ್ಯಾಲ ಹೊಡೀತಾಳ್ರಿ."

ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು. ನಾನೂ ಅಂಥದೇ ಮನೆಯವಳು! ಕೋಳಿಯನ್ನು ಮಾಮಿಯ ಕೈಯಿಂದಲೇ ಬುಟ್ಟಿಯಲ್ಲಿ ಹಾಕಿಸಿಕೊಂಡು, ಮಸಿಯನ್ನೂ ಅವಳಿಂದಲೇ ಬಳಿಸಿ, ತುದಿಬೆರಳೂ ತಾಗದಂತೆ ತಂದವಳು. ಸ್ಕಾಟ್‌ಲೆಂಡಿನ ಉಪಾಯ ನಮ್ಮ ಓಣಿಯಲ್ಲಿ ನಡೆಯುವುದಿಲ್ಲ ಎಂಬುದು ಹೊಳೆಯಬೇಕಿತ್ತು. ಕೈ ಮಸಿಯಾಗಿದ್ದ ಐವರಲ್ಲಿ ಜುಬೇದಾ ಮುಂದೆ ಬಂದು ಮೆಲ್ಲಗೆ ಹೇಳಿದಳು: "ಅದೂ ಅಲ್ದ ಈ ಕಥಿ ಹೋದ ವಾರನ ಹೇಳೀರಿ ಅಕ್ಕೋರ. ಖರೇ ಕಳ್ಳಿ ಇದ್ರ ಆಕಿನ ಮೊದಲ ಮುಟ್ಟಿರ್ತಿದ್ಲು."

ಅಷ್ಟರಲ್ಲಿ ಕೋಳಿ ಕೋಣೆಯಿಂದ ಹಾರಿಬಂದು ದೊಡ್ಡಕ್ಕೋರ ಮೇಜನ್ನೇರಿ ಹಾಜರಿ ಪಟ್ಟಿಯ ಮೇಲೆಲ್ಲ ಓಡಾಡಿತು. ಅದನ್ನು ಒರೆಸುವ ಅರಿವೆಗಾಗಿ ದೊಡ್ಡಕ್ಕೋರು ತಮ್ಮ ಟ್ರಂಕು ತೆರೆದರು. ಕತ್ತರಿ ಅಲ್ಲಿತ್ತು. ಹುಣಸೆಹಣ್ಣಿನ ಚೀಲದ ಬಾಯಿ ಕತ್ತರಿಸಲು ಅವರೇ ಒಯ್ದು ಮರೆತಿದ್ದರು. ಆ ವರ್ಷದ ಹಾಜರಿ ಪಟ್ಟಿಯಲ್ಲಿ ಕೋಳಿಯ ಹೆಜ್ಜೆಗಳು ಹಾಗೇ ಉಳಿದವು. ದೊಡ್ಡಕ್ಕೋರಾಗಲಿ ನಾನಾಗಲಿ ಆ ಮಾತು ಮತ್ತೆಂದೂ ಎತ್ತಲಿಲ್ಲ.

ಈ ಜುಬೇದಾಳ ಸಂಗತಿಯೇ ನಾನು ಹೇಳಬೇಕಾದದ್ದು.

ಒಂದು ಮಧ್ಯಾಹ್ನ ಎಲ್ಲರೂ ಕಸೂತಿ ಹಾಕುತ್ತಿದ್ದರು. ನಾನು ತೊದಲಣ್ಣನ ಕಥೆಯಲ್ಲಿ ಮುಳುಗಿದ್ದೆ. ಜುಬೇದಾ ಸೂಜಿ ನಿಲ್ಲಿಸಿ ಕೇಳಿದಳು: "ಅಕ್ಕೋರ, ಆವಾಗಿಂದ ಬರೇ ಗಂಡಸರ ಕಥೀನ ಹೇಳಾಕತ್ತೀರಿ. ಹೆಣ್ಣಮಕ್ಕಳು ಒಬ್ಬಾಕಿನೂ ಇರ್ಲಿಲ್ಲೇನ್ರಿ?"

ನನ್ನ ಪುಸ್ತಕದಲ್ಲಿ ಒಬ್ಬಳೂ ಇರಲಿಲ್ಲ. ಇಲ್ಲ ಎನ್ನಬೇಕಿತ್ತು. ಆದರೆ ಮೂವತ್ತೆರಡು ಸೂಜಿಗಳು ಒಟ್ಟಿಗೆ ನಿಂತಿದ್ದವು, ಎಲ್ಲ ಮುಖಗಳೂ ನನ್ನ ಕಡೆ ತಿರುಗಿದ್ದವು. ನನ್ನ ಬಾಯಿಂದ "ಇದ್ಲಲ್ಲ!" ಎಂದು ಬಂದುಬಿಟ್ಟಿತು.

"ಯಾರ್ರಿ?"

"ಕತ್ರೀನಾ. ಕಸೂತಿ ಕತ್ರೀನಾ. ಹಾಲೆಂಡಿನಾಕಿ."

ಮುಂದಿನದನ್ನು ಕಟ್ಟಲು ನನಗೆ ಹೊತ್ತು ಬೇಕಾಗಲಿಲ್ಲ. ಹುಡುಗಿಯರ ಕೈಯಲ್ಲಿದ್ದ ಅರಿವೆಯನ್ನೇ ನೋಡಿ ಹೇಳಿದೆ. ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ನಿಮಗೆ ಗೊತ್ತಿರಬಹುದು. ಗಂಟು ಹಾಕುವ ಹಾಗಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಮೇಲೆ ಬೀಳುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಕೊನೆಗೆ ದಾರ ಹೊರಟ ತೂತಿಗೇ ಬಂದು ಸೇರಬೇಕು, ಅರಿವೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಕತ್ರೀನಾಳೂ ಇಂಥದೇ ಹೊಲಿಗೆ ಹಾಕುತ್ತಿದ್ದಳು, ಅವಳಿಗೆ ಒಂದು ಪ್ರಶ್ನೆ ಬಂತು ಎಂದೆ. ನವಿಲಾಗಲಿ, ಗೋಪುರವಾಗಲಿ, ಎಷ್ಟೇ ಸಿಕ್ಕುಸಿಕ್ಕಾದ ಚಿತ್ತಾರವಾಗಲಿ, ದಾರ ಹರಿಯದೆ ಹೋಗಿ ಬಂದು ಹೊರಟಲ್ಲಿಗೇ ಸೇರುತ್ತದೆಯೇ? ಅಥವಾ ಯಾವುದಾದರೂ ಚಿತ್ತಾರ ನಮ್ಮನ್ನು ನಡುವೆ ಕೈಬಿಡುತ್ತದೆಯೇ? 'ಎಂದೂ ಕೈಬಿಡುವುದಿಲ್ಲ' ಎಂದು ಅವಳು ಕಂಡುಹಿಡಿದಳು ಎಂದೆ.

"ಯಾಕ ಕೈಬಿಡೂದಿಲ್ಲಂತ್ರಿ?" ಎಂದಳು ಜುಬೇದಾ.

ನನಗೆ ಗೊತ್ತಿದ್ದರೆ ತಾನೇ! ಅಂಚಿನ ವಕೀಲ ನೆರವಿಗೆ ಬಂದ. "ಕಾರಣಾ ಬರದ ಹಾಳಿ ಕಳದಹೋಗೇತಿ" ಎಂದು ಹೇಳಿ ಗಂಟೆ ಬಾರಿಸಿಬಿಟ್ಟೆ. ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು.

ಮೂರು ದಿನ ಜುಬೇದಾ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ನನ್ನ ಮೇಜಿನ ಹತ್ತಿರ ಬಂದಳು.

"ಅಕ್ಕೋರ, ಕತ್ರೀನಾ ಏನ್ ವಿಚಾರ ಮಾಡಿದ್ಲು ಅಂತ ನನಗ ತಿಳೀತ್ರಿ."

"ಹೇಳು."

"ಚಿತ್ತಾರ ಅಂದ್ರ ಒಂದು ಊರು ಅನ್ರಿ. ಗೆರಿ ಅಂದ್ರ ಓಣಿ. ನಮ್ಮಪ್ಪ ಎಲಿ ಕೊಡಾಕ ಮನಿಯಿಂದ ಹೊಂಡತಾನ. ಹೊಸಾ ಓಣಿ ಬಂತೂ, ಒಳಗ ಹೋಗೂದು. ಮುಂದ ಹಾದಿ ಇಲ್ಲ, ಹೊಳ್ಳಿ ಬರೂದು. ಮೊದಲ ನೋಡಿದ ಕೂಟಕ್ಕನ ಬಂದು ನಿಂತ, ಅಲ್ಲಿಂದನೂ ಹೊಳ್ಳಿ ಬರೂದು. ಹಿಂಗ ಮಾಡಿದ್ರ ಒಂದೊಂದು ಓಣಿಗೆ ಎರಡ ಸಲ ಹೋದಂಗಾತು, ಹೋಗೂದೊಂದು, ಬರೂದೊಂದು. ಯಾವ ಓಣಿನೂ ಉಳ್ಯೂದಿಲ್ಲ, ಆಖರಿಗೆ ನಮ್ಮ ಮನೀಗೆ ಬರ್ತಾನ. ಊರು ಎಂಥಾದ ಇರ್ಲಿ, ನಡುವ ಹರಕೊಂಡು ಎರಡ ತುಂಡ ಆಗಿರಬಾರ್ದು, ಅಷ್ಟ."

"ಎರಡೂ ಕಡೆ ಒಂದ ಥರ ಯಾಕ ಬರತೈತಿ ಮತ್ತ?"

"ಒಳಗ ಹೋಗಿದ್ದು ಎಷ್ಟು ಹೊಲಿಗಿನೋ ಹೊರಗ ಬರೂದೂ ಅಷ್ಟ ಅಲ್ರಿ? ಅದಕ್ಕ ಹೋಗೂಮುಂದ ಮ್ಯಾಲ ಬಿದ್ದಿದ್ದು ಬರೂಮುಂದ ತೆಳಗನ ಬೀಳತೈತಿ."

ನಾನು ಅವಳ ಮುಖವನ್ನೇ ನೋಡುತ್ತ ಕುಳಿತೆ. ಆ ಹುಡುಗಿ ಮೂರು ದಿನಗಳಲ್ಲಿ, ಯಾರ ಸಹಾಯವೂ ಇಲ್ಲದೆ, ನಾನು ಸುಮ್ಮನೆ ಬಾಯಿಗೆ ಬಂದಂತೆ ಆಡಿದ ಮಾತನ್ನು ನಿಜ ಮಾಡಿ ತಂದಿದ್ದಳು. 'ಜುಬೇದಾ, ಕತ್ರೀನಾ ಇಲ್ಲ, ಇದು ನಿನ್ನದು' ಎಂದು ಆಗಲೇ ಹೇಳಬೇಕಿತ್ತು. ಸುಳ್ಳು ಹೇಳಿದ್ದು ಬಯಲಾಗುತ್ತದೆಂದು ಹೇಳಲಿಲ್ಲ. "ಶಾಬಾಸ್, ಕತ್ರೀನಾನೂ ಇದನ್ನ ಅಂದಿರಬೇಕು" ಎಂದೆ. ಅವಳು ಅಂದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕತ್ರೀನಾಳ ಹೆಸರಿನ ಕೆಳಗೆ ಬರೆದಿಟ್ಟೆ. ನನ್ನ ಸೇವೆಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದು.

ನಮ್ಮ ಹೆಣ್ಣುಮಕ್ಕಳ ಶಾಲೆ ಆರನೆಯ ಇಯತ್ತೆಗೇ ಮುಗಿಯುತ್ತಿತ್ತು. ಏಳನೆಯದಕ್ಕೆ ಮುಲ್ಕಿ ಪರೀಕ್ಷೆ. ಅದು ಪಾಸಾದರೆ ಶಾಲೆಯಲ್ಲಿ ಕಲಿಸುವ ನೌಕರಿ ಸಿಗುತ್ತಿತ್ತು. ಜುಬೇದಾಳಿಗೆ ಅಕ್ಕೋರಾಗುವ ಆಸೆ. ಗಂಡುಮಕ್ಕಳ ಶಾಲೆಯಲ್ಲಿ ಕೂತು ಏಳನೆಯದನ್ನು ಓದಲು ಅಪ್ಪಣೆ ಬೇಕೆಂದು ನಾನೇ ಅರ್ಜಿ ಬರೆದುಕೊಟ್ಟೆ. ಅದಕ್ಕೆ ಡೆಪ್ಯುಟಿ ಇನ್ಸ್‌ಪೆಕ್ಟರ ಸಹಿ ಆಗಬೇಕಿತ್ತು.

ಡೆಪ್ಯುಟಿ ಸಾಹೇಬರು ತಪಾಸಣೆಗೆ ಬಂದರು. ರುಮಾಲು, ಉದ್ದ ಕೋಟು, ಜೇಬಿನಲ್ಲಿ ಸದಾ ಒಂದು ಏಲಕ್ಕಿ ಡಬ್ಬಿ. ಅರ್ಜಿ ನೋಡಿ ಮೂಗು ಮುರಿದರು.

"ಸವಣೂರು ನವಾಬರ ಸಂಸ್ಥಾನರೀ ಅಕ್ಕೋರ. ಈಕಿ ನಮ್ಮ ಜಿಲ್ಲಾದಾಕಿನ ಅಲ್ಲ. ಅದೂ ಅಲ್ದ ಹೆಣ್ಣಹುಡುಗಿಗೆ ಬೀಜಗಣಿತಾ ತಗೊಂಡು ಏನ್ ಆಗಬೇಕಾಗೇತಿ? ಹೊಲಿಗಿ ಚಂದ ಐತಿ, ಹೊಲಿಗಿ ಮಾಡ್ಲಿ. ನೋಡೂಣಂತ."

ಅರ್ಜಿ ಅವರ ಚೀಲಕ್ಕೆ ಹೋಯಿತು. ನನ್ನ ನೋಟ್‌ಬುಕ್ಕೂ ಅದೇ ಚೀಲಕ್ಕೆ ಹೋಯಿತು. ಹುಡುಗಿಯರ ಬಾಯಲ್ಲಿ ತೊದಲಣ್ಣನ ಕಥೆ ಕೇಳಿ ಅವರಿಗೆ ಬಹಳ ಹಿಡಿಸಿತ್ತು. "ಹದಿನೈದು ದಿನದಾಗ ಓದಿ ಕೊಡ್ತೇನಿ" ಎಂದರು. ಎರಡರಲ್ಲಿ ಯಾವುದೂ ತಿರುಗಿ ಬರಲಿಲ್ಲ. ಬಂದದ್ದು ನನ್ನ ವರ್ಗದ ಹುಕುಂ, ಹಿರೇಕೆರೂರಿಗೆ. ಜುಬೇದಾ ಸವಣೂರಿಗೆ ತಿರುಗಿ ಹೋದಳು.

ಹಿರೇಕೆರೂರಿನಲ್ಲಿ ಎರಡನೆಯ ವರ್ಷ ಶಾಲೆಗೆ ಅಂಚೆಯಲ್ಲಿ ಒಂದು ಕಟ್ಟು ಬಂತು. ಮಕ್ಕಳಿಗೆ ಬಹುಮಾನವಾಗಿ ಹಂಚಲು ತಕ್ಕ ಸಣ್ಣ ಪುಸ್ತಕಗಳು. ಬಿಚ್ಚಿ ನೋಡಿದರೆ ಯುರೋಪಿನ ಗಣಿತಜ್ಞರ ಚರಿತ್ರೆ, ಬರೆದವರು ನಮ್ಮ ಡೆಪ್ಯುಟಿ ಸಾಹೇಬರು! ಒಳಗೆ ನನ್ನ ತೊದಲಣ್ಣ, ನನ್ನ ಹುಂಜದ ದೊರೆ, ನನ್ನ ಹಾಸಿಗೆ ಸಾಹೇಬ, ಎಲ್ಲರೂ ನಾನಿಟ್ಟ ಹೆಸರಿನಲ್ಲೇ ಕುಳಿತಿದ್ದರು. ಜೂಜಿನ ಡಾಕ್ಟರನೇ ವಾಸಿ, ಅವನು ಆಣೆ ಮುರಿದರೂ ತೊದಲಣ್ಣನ ಹೆಸರನ್ನಾದರೂ ಹೇಳಿದ್ದ. ಸಿಟ್ಟಿನಿಂದ ಹಾಳೆ ತಿರುವುತ್ತಿದ್ದೆ. ಕೊನೆಯ ಅಧ್ಯಾಯ ಬಂತು: ಕಸೂತಿ ಕತ್ರೀನಾ. ಜುಬೇದಾಳ ಓಣಿಗಳೆಲ್ಲ ಅಲ್ಲಿದ್ದವು. ಅದರ ಕೊನೆಗೆ ಸಾಹೇಬರು ತಮ್ಮದೂ ಒಂದು ಸಾಲು ಸೇರಿಸಿದ್ದರು: 'ಈ ಸಾಧ್ವಿಯ ಸಮಾಧಿಯನ್ನು ಹಾಲೆಂಡಿನಲ್ಲಿ ಇಂದಿಗೂ ಕಾಣಬಹುದು.'

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹುಟ್ಟಿಸಿದವಳು ನಾನು, ಹೂಳಿದವರು ಅವರು! ಆದರೆ ಅದೇ ವಾರ ಸವಣೂರಿನಿಂದ ಒಂದು ಕಾರ್ಡು ಬಂದು ನನ್ನ ನಗು ನಿಲ್ಲಿಸಿತು. ಜುಬೇದಾ ಬರೆದಿದ್ದಳು. ರಂಜಾನ್ ಹಬ್ಬ ಆದ ಮೇಲೆ ಅವಳಿಗೆ ಸಂಬಂಧ ಗೊತ್ತು ಮಾಡುತ್ತಾರೆ. ಅಷ್ಟರೊಳಗೆ ಅಪ್ಪಣೆ ಬಂದರೆ ಓದಿಸುತ್ತೇನೆಂದು ತಂದೆ ಮಾತು ಕೊಟ್ಟಿದ್ದಾರೆ. ಕೊನೆಗೆ, 'ನನ್ನ ಅರ್ಜಿ ಎಲ್ಲಿಗೆ ಬಂತ್ರಿ ಅಕ್ಕೋರ?' ಎಂದು ಕೇಳಿದ್ದಳು. ಹಬ್ಬಕ್ಕೆ ಇಪ್ಪತ್ತು ದಿನಗಳೂ ಇರಲಿಲ್ಲ.

ಹೊಸ ಅರ್ಜಿ ಬರೆದು ಹೊಲಿಗೆಯ ಚೀಲದಲ್ಲಿ ಇಟ್ಟುಕೊಂಡೆ. ಮುಂದಿನ ವಾರವೇ ತಪಾಸಣೆ ಇತ್ತು. ಈ ಸಲ ಡೆಪ್ಯುಟಿ ಸಾಹೇಬರ ಜೊತೆ ಬೆಳಗಾವಿಯಿಂದ ದೊಡ್ಡ ಇನ್ಸ್‌ಪೆಕ್ಟರೂ ಬಂದಿದ್ದರು. ಗಣಿತದಲ್ಲಿ ಎಂ.ಎ. ಮಾಡಿದವರು, ತೆಳ್ಳಗೆ, ಮಾತು ಕಡಿಮೆ. ಅವರು ಹೊರಗೆ ಕಟ್ಟಡ ನೋಡುತ್ತಿದ್ದಾಗ ಡೆಪ್ಯುಟಿ ಸಾಹೇಬರು ಅವಸರದಿಂದ ನನ್ನ ವರ್ಗದೊಳಗೆ ಬಂದರು.

"ಅಕ್ಕೋರ, ಆ ಕತ್ರೀನಾ ಯಾವ ಪುಸ್ತಕದಾಗ ಅದಾಳ್ರಿ? ಸಾಹೇಬ್ರು ಮೋಟಾರಿನ್ಯಾಗ ಅದನ್ನ ಕೇಳಾಕತ್ತಿದ್ರು. ನೋಡಿ ಹೇಳ್ತೇನಿ ಅಂದೇನಿ."

"ಸಮಾಧಿ ನೋಡೀರಲ್ರಿ ಸಾಹೇಬ್ರ, ಅದರ ಮ್ಯಾಲ ಬರದಿಲ್ಲೇನ್ರಿ?" ಎಂದೆ.

"ಚಾಷ್ಟಿ ಸಾಕ್ರಿ. ಪುಸ್ತಕದ ಹೆಸರ ಹೇಳ್ರಿ."

ನಾನು ಚೀಲದಿಂದ ಅರ್ಜಿ ತೆಗೆದು ಅವರ ಮುಂದಿಟ್ಟೆ. "ಮೊದಲ ಸಹಿ ಮಾಡ್ರಿ. ಆಮ್ಯಾಲ ಹೆಸರ ಹೇಳ್ತೇನಿ."

ಒಂದು ಪುಸ್ತಕದ ಹೆಸರನ್ನೂ ಆಗಲೇ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದೆ. ಒಂದು ಸುಳ್ಳಿಗೆ ಮತ್ತೊಂದು. ಅವರು ಏಲಕ್ಕಿ ಬಾಯಿಗೆ ಹಾಕಿಕೊಂಡು ಲೇಖನಿ ತೆಗೆದರು, ಮತ್ತೆ ಮುಚ್ಚಿದರು, ಮತ್ತೆ ತೆಗೆದರು. ಅಷ್ಟರಲ್ಲಿ ದೊಡ್ಡ ಇನ್ಸ್‌ಪೆಕ್ಟರು ಒಳಗೆ ಬಂದೇಬಿಟ್ಟರು. ಅವರ ಕೈಯಲ್ಲಿ ಅದೇ ಪುಸ್ತಕ.

"ಸಿಕ್ಕಿತೇನ್ರಿ ಆ ಗ್ರಂಥ?" ಎಂದು ಡೆಪ್ಯುಟಿಯವರನ್ನು ಕೇಳಿದರು.

"ಹೂಂ ಸರ್. ಅದು... ಡಚ್ ಭಾಷಾದಾಗ ಐತ್ರಿ."

"ನಿಮಗ ಡಚ್ ಬರತೈತಿ?"

"ಅಷ್ಟಿಷ್ಟು ರೀ ಸರ್."

ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡ ಇನ್ಸ್‌ಪೆಕ್ಟರು ನಗಲಿಲ್ಲ. ಪುಸ್ತಕದ ಕೊನೆಯ ಅಧ್ಯಾಯ ತೆರೆದು ನಿಧಾನವಾಗಿ ಹೇಳಿದರು: "ಈ ತರ್ಕ ಪೂರ್ತಿ ಸರಿ ಐತಿ. ಎಷ್ಟ ಸಲ ನೋಡಿದ್ರೂ ತಪ್ಪ ಸಿಗವಲ್ದು. ಆ ಕಾಲದಾಗ ಒಬ್ಬ ಹೆಣ್ಣಮಗಳು ಇದನ್ನ ಮಾಡ್ಯಾಳ ಅಂದ್ರ ಜಗತ್ತಿಗೆ ತಿಳೀಬೇಕು. ಹಾಲೆಂಡಿನ ಒಬ್ರು ಪ್ರೊಫೆಸರಿಗೆ ನಾಳೆನ ಪತ್ರ ಬರೀತೇನಿ."

ಶಿಗ್ಗಾಂವಿಯ ಹೊಲಿಗೆಯ ತಾಸಿನ ಸುಳ್ಳು ಹಡಗು ಹತ್ತುವುದರಲ್ಲಿತ್ತು. ಡೆಪ್ಯುಟಿಯವರ ಲೇಖನಿ ಅರ್ಜಿಯ ಮೇಲೇ ಇತ್ತು. ಇನ್ನೊಂದು ಕ್ಷಣ ಸುಮ್ಮನಿದ್ದು, ಆ ಕಟ್ಟಿಟ್ಟ ಹೆಸರನ್ನು ಹೇಳಿದ್ದರೆ ಅವರು ಸಹಿ ಮಾಡಿಬಿಡುತ್ತಿದ್ದರೋ ಏನೋ. ನಿಜ ಹೇಳಿದರೆ ಸಹಿಯೂ ಹೋಗಬಹುದು, ನನ್ನ ನೌಕರಿಯೂ ಹೋಗಬಹುದು. ಆದರೆ 'ಒಬ್ಬ ಹೆಣ್ಣುಮಗಳು ಮಾಡಿದ್ದಾಳೆ' ಎಂದು ಆ ಮನುಷ್ಯ ಅಷ್ಟು ಗೌರವದಿಂದ ಹೇಳಿದ್ದನ್ನು ಕೇಳಿದ ಮೇಲೆ, ಆ ಗೌರವ ಇಲ್ಲದವಳೊಬ್ಬಳ ಪಾಲಾಗುವುದನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ.

"ಪತ್ರ ಬರೀಬ್ಯಾಡ್ರಿ ಸಾಹೇಬ್ರ. ಆಕಿ ಹಾಲೆಂಡಿನ್ಯಾಗ ಇಲ್ರಿ. ಸವಣೂರಾಗ ಅದಾಳ" ಎಂದೆ.

ಎಲ್ಲವನ್ನೂ ಹೇಳಿದೆ. ಕತ್ರೀನಾಳನ್ನು ನಾನೇ ಹುಟ್ಟಿಸಿದ್ದು, ಹಾಳೆ ಕಳೆದಿದೆ ಎಂದದ್ದು, ಮೂರು ದಿನ ಕಳೆದು ಜುಬೇದಾ ಬಂದು ಹೇಳಿದ್ದು. ನೋಟ್‌ಬುಕ್ಕು ಎಲ್ಲಿಗೆ ಹೋಯಿತೆಂಬುದನ್ನು ಮಾತ್ರ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಡೆಪ್ಯುಟಿ ಸಾಹೇಬರ ಮುಖದ ಮೇಲೆ ಅದು ಕಾಣುತ್ತಿತ್ತು.

ದೊಡ್ಡ ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಿದರು. ಆಮೇಲೆ, "ಹುಡುಗಿ ಏನ್ ಮಾಡಾಕತ್ತಾಳ ಈಗ?" ಎಂದರು. ನಾನು ಮೇಜಿನ ಮೇಲಿದ್ದ ಅರ್ಜಿಯನ್ನು ತೋರಿಸಿದೆ. ಅವರು ಡೆಪ್ಯುಟಿಯವರ ಬೆರಳುಗಳ ನಡುವಿನಿಂದ ಲೇಖನಿ ತೆಗೆದುಕೊಂಡು ತಾವೇ ಸಹಿ ಮಾಡಿದರು. ಅದೇ ಲೇಖನಿಯಿಂದ ನನ್ನ ಸರ್ವಿಸ್ ಬುಕ್ಕಿನಲ್ಲೂ ಒಂದು ಶೇರಾ ಬರೆದರು: 'ಪಾಠದಲ್ಲಿ ಕಲ್ಪಿತ ಸಂಗತಿಗಳನ್ನು ಸೇರಿಸಿದ್ದಾರೆ. ತಾಕೀತು ಮಾಡಲಾಗಿದೆ.' ಅದು ಇಂದಿಗೂ ಹಾಗೇ ಇದೆ, ಬೇಕಾದವರು ಬಂದು ನೋಡಬಹುದು. ಪುಸ್ತಕ ಎರಡನೆಯ ಸಲ ಅಚ್ಚಾದಾಗ ಕತ್ರೀನಾಳ ಜಾಗದಲ್ಲಿ ಜುಬೇದಾಳ ಹೆಸರು ಬರುತ್ತದೆಂದು ನಾನು ಕಾದೆ. ಡೆಪ್ಯುಟಿ ಸಾಹೇಬರು ಆ ಅಧ್ಯಾಯವನ್ನೇ ಕಿತ್ತುಹಾಕಿದ್ದರು.

ಸಹಿಯಾದ ಅರ್ಜಿ ಹಿಡಿದು ಆ ವಾರದ ಭಾನುವಾರವೇ ಇದ್ದಿಲು ಹಾಕಿ ಓಡಿಸುವ ಸರ್ವಿಸ್ ಮೋಟಾರು ಹತ್ತಿ ನಾನೇ ಸವಣೂರಿಗೆ ಹೋದೆ. ಏರು ಬಂದಲ್ಲೆಲ್ಲ ಇಳಿದು ನಡೆದೆವು. ಜುಬೇದಾಳ ಮನೆಯಲ್ಲಿ ಎಲ್ಲರಿಗೂ ರೋಜಾದ ಉಪವಾಸ, ಆದರೂ ಅವಳ ತಾಯಿ ನನಗೆ ಚಹಾ ಮಾಡಿ ಖಾರಾ ತಂದಿಟ್ಟಳು. ತಂದೆ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, "ಮಾತ ಕೊಟ್ಟೇನಿ, ಓದ್ಲಿ ಬಿಡ್ರಿ" ಎಂದ. ಅಷ್ಟು ಸಲೀಸಾಗಿ ಮುಗಿಯಿತೇ ಎಂದು ನಾನು ಹಿಗ್ಗುತ್ತಿದ್ದೆ. ಆ ಹಿಗ್ಗಿನಲ್ಲೇ ಜುಬೇದಾಳಿಗೆ ನಿಜ ಹೇಳಿದೆ. ಅವಳು ಕುಣಿಯುತ್ತಾಳೆಂದುಕೊಂಡಿದ್ದೆ.

ಅವಳ ಮುಖ ಬಾಡಿತು. "ಹಂಗಾದ್ರ ಕತ್ರೀನಾ ಇರ್ಲೇ ಇಲ್ಲೇನ್ರಿ?"

"ಇಲ್ಲವ್ವಾ. ಎಲ್ಲಾ ನಿಂದ."

ಕಣ್ಣಲ್ಲಿ ನೀರು ತುಂಬಿಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ಹಾಗೇ ಕುಳಿತು ಹೇಳಿದಳು: "ಆಕಿ ಮಾಡ್ಯಾಳಂತ ನಾ ಮಾಡಿದ್ದೆ ಅಕ್ಕೋರ. ಯಾರೂ ಮಾಡಿಲ್ಲಂತ ಗೊತ್ತಿದ್ರ ನಾ ಸೂಜಿ ಕೆಳಗ ಇಡ್ತಿದ್ದೆ."

"ಮುಂದಿನ ಹುಡುಗ್ಯಾರಿಗೆ ನಿನ್ನ ಹೆಸರ ಹೇಳ್ತೇನಿ" ಎಂದೆ.

"ಬ್ಯಾಡ್ರಿ. ಸವಣೂರಿನ ಎಲಿ ಮಾರಾವನ ಮಗಳು ಅಂದ್ರ ಯಾರ ನಂಬ್ತಾರ? ಹಾಲೆಂಡಿನಾಕಿ ಅಂತನ ಹೇಳ್ರಿ. ಅವರೂ ಮಾಡ್ತಾರ."

ನಾನು ಅವಳ ಮಾತು ಕೇಳಲಿಲ್ಲ. ಅವಳು ಹೇಳಿದ್ದು ಮಾತ್ರ ಸುಳ್ಳಾಗಲಿಲ್ಲ. ಮುಂದೆ ಪ್ರತಿ ವರ್ಷ ಕಸೂತಿಯ ತಾಸಿನಲ್ಲಿ ಆ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹಾಸಿಗೆ ಸಾಹೇಬನನ್ನು ನಂಬುತ್ತಿದ್ದ, ಹುಂಜದ ದೊರೆಯನ್ನು ನಂಬುತ್ತಿದ್ದ ಹುಡುಗಿಯರು ಈ ಒಂದು ಕಥೆ ಬಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಹೋಗ್ರಿ ಅಕ್ಕೋರ, ಇದೊಂದು ನೀವ ಹುಟ್ಟಿಸಿದ್ದು" ಎಂದು ನಗುತ್ತಿದ್ದರು.

ಕೆಲವು ವರ್ಷ ನಾನು ವಾದ ಮಾಡಿದೆ. ಮತ್ತೆ ಶಿಗ್ಗಾಂವಿಗೆ ವರ್ಗವಾಗಿ ಬಂದ ಮೇಲೆ ವಾದ ಮಾಡುವ ಕಷ್ಟ ಬೀಳಲಿಲ್ಲ. ನಮ್ಮಲ್ಲೂ ಆಗ ಏಳನೆಯ ಇಯತ್ತೆ ಸುರುವಾಗಿತ್ತು. ನಂಬುವುದಿಲ್ಲ ಎಂದವರನ್ನು, "ಬಾಜೂ ಖೋಲಿಗೆ ಹೋಗ್ರಿ. ಅಲ್ಲಿ ಏಳನೇ ಇಯತ್ತಿಗೆ ಲೆಕ್ಕಾ ಕಲಸಾಕತ್ತಾರಲ್ಲ, ಆ ಅಕ್ಕೋರ ಹೆಸರೇನಂತ ಕೇಳಿ ಬರ್ರಿ" ಎಂದು ಕಳಿಸುತ್ತಿದ್ದೆ.